ಬೈಗುಳದ ಬಾಕಿ

"ಗುರುಗಳೇ, ಸಾಲ ಮಾಡಿದವರು ಬೈಗುಳವನ್ನೂ ತಿನ್ನಲೇಬೇಕೇ?"

ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋದ ಮೇಲೆ ಗುರುಪಾದ ಎಂಬ ಶಿಷ್ಯ ಹೀಗೆ ಕೇಳಿದ. ಗುರುಗಳು ಅವನ ಮುಖ ನೋಡಿದರು.

"ಯಾರು ತಿನ್ನುತ್ತಿದ್ದಾರೆ?"

"ನನ್ನ ಅಕ್ಕ. ನನ್ನ ಕಾಲೇಜಿನ ಫೀಸಿಗೆಂದು ಒಂದು ಫೈನಾನ್ಸಿನಲ್ಲಿ ಸಾಲ ತೆಗೆದಳು. ಕಂತು ತಡವಾಯಿತು. ಈಗ ಅವರ ಜನ ಬಂದು ಬಾಗಿಲಲ್ಲಿ ನಿಂತು ಕೂಗುತ್ತಾರೆ. ಮನೆಯ ಓನರಿಗೂ ಫೋನ್ ಮಾಡಿ ಹೇಳಿದ್ದಾರೆ. ಹಬ್ಬಕ್ಕೆ ಹೋದಾಗ ನೋಡಿದೆ. ಅಕ್ಕ ಬಾಗಿಲು ಹಾಕಿಕೊಂಡು ಕೂತಿದ್ದಳು. ನಾನೂ ಒಳಗೇ ಇದ್ದೆ. ಯಾಕೆ ಸಹಿಸುತ್ತೀಯ ಎಂದರೆ, ಕಷ್ಟಕ್ಕೆ ಆದವರು ಕಣೋ, ಒಂದು ಮಾತು ಅಂದರೆ ಅನ್ನಲಿ ಬಿಡು, ಎನ್ನುತ್ತಾಳೆ. ಅವಳು ಹೇಳುವುದು ಸರಿಯೇ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹಪ್ಪಳ ಮಾಡಿ ಮಾರುವ ಒಬ್ಬ ಹೆಂಗಸಿದ್ದಳು. ಅವಳ ಗಂಡ ಕಾಯಿಲೆ ಬಿದ್ದಾಗ ಮನೆಯಲ್ಲಿ ಏನೂ ಇರಲಿಲ್ಲ. ಪೇಟೆಯ ಒಬ್ಬ ವ್ಯಾಪಾರಿ ಸಾಲ ಕೊಟ್ಟ. ಗಂಡ ಬದುಕಿಕೊಂಡ. ದೇವರಿಗೆ ದೀಪ ಹಚ್ಚುವಾಗ ಅವಳು ಆ ವ್ಯಾಪಾರಿಯನ್ನೂ ನೆನೆಯುತ್ತಿದ್ದಳು. ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದಳು.

ಆ ವರ್ಷ ಬೇಸಿಗೆಯಲ್ಲೇ ಮೋಡ ಕವಿಯಿತು. ಹಪ್ಪಳ ಒಣಗಲಿಲ್ಲ. ಕಂತು ತಪ್ಪಿತು.

ವ್ಯಾಪಾರಿಯ ಬಳಿ ವಸೂಲಿಗೆಂದು ಒಬ್ಬ ಆಳಿದ್ದ. ತಂದ ಹಣದಲ್ಲಿ ಅವನಿಗೂ ಒಂದು ಪಾಲು. ಬಾಗಿಲಿಗೆ ಬಂದು ಹೇಳಿದರೆ ಒಬ್ಬಳಿಗೆ ಕೇಳುತ್ತದೆ, ಬೀದಿಯಲ್ಲಿ ನಿಂತು ಹೇಳಿದರೆ ಕೇರಿಗೆಲ್ಲ ಕೇಳುತ್ತದೆ ಎಂದು ಅವನು ಬಲ್ಲ. ಅದಕ್ಕೇ ಬೀದಿಯ ನಡುವೆ ನಿಂತು ಕೂಗುತ್ತಿದ್ದ.

"ತಗೊಳ್ಳೋವಾಗ ಕೈ ಉದ್ದ ಇತ್ತು, ಕೊಡೋವಾಗ ಗಿಡ್ಡ ಆಯ್ತೇನಮ್ಮಾ?"

ಒಳಗಿನಿಂದ ಗಂಡ, ಯಾರು ಕೂಗುತ್ತಿರುವುದು ಎಂದು ಕೇಳಿದ. ಪಾತ್ರೆ ಮಾರುವವನು ಎಂದಳು. "ಪಾತ್ರೆ ಮಾರುವವನಿಗೆ ನಮ್ಮ ಮೇಲೆ ಯಾಕೆ ಇಷ್ಟು ಸಿಟ್ಟು?" ಎಂದ ಗಂಡ. ಅವಳು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು.

ಆಳಿಗೂ ಎದುರು ಮಾತಾಡಲಿಲ್ಲ. ಕುಡಿಯಲು ಬೆಲ್ಲ ನೀರು ಕೊಟ್ಟಳು. ಇಷ್ಟು ದೂರ ನಡೆದು ಬಂದದ್ದಕ್ಕೆ ಎಂದು ಅವನು ಕೈ ಚಾಚಿದ. ಸೆರಗಿನ ಗಂಟಿನಲ್ಲಿ ಇದ್ದದ್ದನ್ನು ಬಿಚ್ಚಿ ಕೊಟ್ಟಳು. ಗಂಡನ ಜೀವ ಉಳಿಸಿದ ಮನೆಯ ಆಳು, ಅವನಿಗೆ ಒಂದು ಮಾತು ಆಡಿದರೂ ಉಪಕಾರ ಮರೆತಂತೆ ಎಂದು ಅವಳು ತಿಳಿದಿದ್ದಳು. ಅವನು ಮತ್ತೆ ಬಂದ. ಮತ್ತೆ ಹಾಗೆಯೇ ಆಯಿತು.

ಉದ್ದಿನ ಹಪ್ಪಳ ಒಬ್ಬರಿಂದ ಆಗುವ ಕೆಲಸವಲ್ಲ. ಬೆಳಿಗ್ಗೆ ಕುಟ್ಟಿದ ಹಿಟ್ಟನ್ನು ಅಂದೇ ಲಟ್ಟಿಸಿ ಮುಗಿಸಬೇಕು. ಬಿಟ್ಟರೆ ಹಿಟ್ಟು ಕೆಡುತ್ತದೆ. ಅದಕ್ಕೆ ಆ ಕೇರಿಯ ಹೆಂಗಸರು ಮಣೆ ಲಟ್ಟಣಿಗೆ ಹಿಡಿದು ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದರು. ಇಂದು ಇವಳ ಹಿಟ್ಟಿಗೆ ಅವರು, ನಾಳೆ ಅವರ ಹಿಟ್ಟಿಗೆ ಇವಳು. ಕೂಲಿಯಿಲ್ಲ. ಇದಕ್ಕೆ ಮುಯ್ಯಿ ಎನ್ನುತ್ತಾರೆ.

ಆಳು ಬಂದು ಕೂಗತೊಡಗಿದ ಮೇಲೆ ಅವಳು ಯಾರನ್ನೂ ಮುಯ್ಯಿಗೆ ಕರೆಯಲಿಲ್ಲ. ನಾಲ್ಕು ಜನ ಕೂತಿರುವಾಗ ಅವನು ಬಂದರೆ ಮುಖ ಎಲ್ಲಿಟ್ಟುಕೊಳ್ಳುವುದು ಎಂಬ ಭಯ. ಬೇರೆಯವರ ಮನೆಗೆ ಹೋಗುವುದನ್ನೂ ಬಿಟ್ಟಳು. ತನ್ನ ಎರಡು ಕೈಗೆ ಆಗುವಷ್ಟೇ ಹಿಟ್ಟು ಕುಟ್ಟಿದಳು. ಹಪ್ಪಳ ಕಡಿಮೆಯಾಯಿತು. ಬಿಸಿಲು ಬಂದ ಮೇಲೂ ಕಂತು ತಪ್ಪಿತು. ಆಳಿನ ದನಿ ಏರಿತು.

"ನಾಳೆ ಬರ್ತೀನಿ. ದುಡ್ಡು ಇಲ್ಲ ಅಂದ್ರೆ ಒರಳು ಎತ್ತಿಸಿಕೊಂಡು ಹೋಗ್ತೀನಿ" ಎಂದು ಹೇಳಿ ಹೋದ.

ಒರಳು ಹೋದರೆ ಅವಳ ಅನ್ನವೇ ಹೋದಂತೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಮುದುಕಿ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಯಾಕೆ, ನಮ್ಮ ಕೈಯ ಹಪ್ಪಳ ಈಗ ರುಚಿ ಆಗಲ್ವಾ?"

"ಹಾಗಲ್ಲ ದೊಡ್ಡಮ್ಮ. ಆ ಮನುಷ್ಯ ಬಂದು ಏನೇನೋ ಅಂತಾನೆ. ನೀವೆಲ್ಲ ಅದನ್ನ ಕೇಳಬೇಕಾಗುತ್ತಲ್ಲ."

"ಅವನು ಅನ್ನೋದು ಎಲ್ಲರಿಗೂ ಕೇಳಿದೆ ಮಗಳೇ. ನಮಗೆ ಕೇಳದೇ ಇರೋದು ನಿನ್ನ ದನಿ ಒಂದೇ."

ಮುದುಕಿ ಒಳಗೆ ಹೋಗಲಿಲ್ಲ. ಬೀದಿಗೆ ಕಾಣುವಂತೆ ಜಗಲಿಯ ಮೇಲೆ ಮಣೆ ಹಾಕಿ ಕೂತಳು. ಅವಳು ಕೂತದ್ದನ್ನು ನೋಡಿ ಇನ್ನೂ ಮೂವರು ಬಂದರು. ಒಬ್ಬಳು ಅಂಗಳದಲ್ಲಿ ಒನಕೆ ಹಿಡಿದಳು.

ಬಿಸಿಲೇರುವ ಹೊತ್ತಿಗೆ ಆಳು ಬಂದ. ಬೀದಿಯ ನಡುವೆ ನಿಂತು ಬಾಯಿ ತೆರೆದ. ಯಾರೂ ಏಳಲಿಲ್ಲ. ಲಟ್ಟಣಿಗೆಗಳು ನಿಲ್ಲಲಿಲ್ಲ.

"ಅಲ್ಲಿ ಯಾಕಪ್ಪ, ಇಲ್ಲಿ ಬಾ" ಎಂದಳು ಮುದುಕಿ. "ನಮ್ಮ ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ. ಎಷ್ಟು ಬರಬೇಕು, ಯಾವ ಕಂತು, ನಿಧಾನಕ್ಕೆ ಹೇಳು."

ಹತ್ತಿರ ಬಂದ ಮೇಲೆ ಕೂಗುವುದು ಕಷ್ಟ. ಆಳು ತಗ್ಗಿದ ದನಿಯಲ್ಲಿ ಬಾಕಿ ಹೇಳಿದ.

ಆಗ ಸಾಲ ಮಾಡಿದ ಹೆಂಗಸು ಮೊದಲ ಸಲ ಬಾಯಿ ಬಿಟ್ಟಳು. "ಅಣ್ಣಾ, ಬಂದಾಗೆಲ್ಲ ನಿಮ್ಮ ಕೈಗೆ ಕೊಟ್ಟಿದ್ದೀನಲ್ಲ, ಅದನ್ನ ಕಳೆದು ಹೇಳ್ತಿದ್ದೀರಾ?"

"ಅದು ನಾನು ನಡೆದು ಬಂದದ್ದಕ್ಕೆ."

"ಸರಿ, ನಡೆದದ್ದಕ್ಕೆ ಕೊಟ್ಟಳು" ಎಂದಳು ಒನಕೆಯವಳು. "ಬೈದದ್ದೂ ಅದರಲ್ಲೇ ಬಂತೋ, ಅದಕ್ಕೆ ಬೇರೆ ಕೊಡಬೇಕೋ?"

ಹೆಂಗಸರು ತಲೆ ತಗ್ಗಿಸಿ ನಕ್ಕರು. ಆಳು ಒರಳಿನ ಕಡೆ ನೋಡಿದ. ಒನಕೆಯವಳು ಅದರಲ್ಲಿ ಹಿಟ್ಟು ಕುಟ್ಟುತ್ತಲೇ ಇದ್ದಳು.

ಸಾಲ ಮಾಡಿದವಳು ಲಟ್ಟಿಸುತ್ತಲೇ ಹೇಳಿದಳು: "ನಿಮ್ಮ ಯಜಮಾನರ ಉಪಕಾರ ನಾನು ಮರೆತಿಲ್ಲ, ಮರೆಯೋದೂ ಇಲ್ಲ. ಅವರಿಂದ ನಾನು ತಂದದ್ದು ಹಣ. ಅದನ್ನ ಸಂತೆಯ ದಿನ ನಾನೇ ಅಂಗಡಿಗೆ ತಂದು ಅವರ ಕೈಗೇ ಕೊಡ್ತೀನಿ. ರಸೀದಿ ತಗೊಳ್ತೀನಿ. ಬೈಗುಳ ನಾನು ತಂದದ್ದಲ್ಲ ಅಣ್ಣಾ. ಅದಕ್ಕೆ ಕಂತು ಕಟ್ಟೋದಿಲ್ಲ."

ಅವಳ ಮಣೆಯ ಮೇಲಿದ್ದ ಆ ಒಂದು ಹಪ್ಪಳ ಸೊಟ್ಟಗಾಯಿತು. ಅಂದು ಆಳಿಗೆ ಬೆಲ್ಲ ನೀರು ಸಿಕ್ಕಿತು. ನಡಿಗೆಯ ಕೂಲಿ ಸಿಗಲಿಲ್ಲ. ಒರಳನ್ನು ಮುಟ್ಟದೆ ಹೋದ.

ಸಂತೆಯ ದಿನ ಅವಳು ಪೇಟೆಗೆ ಹೊರಟಾಗ ಮುದುಕಿ ಜೊತೆಗೆ ಹೊರಟಳು. ನಿಮ್ಮ ಇವತ್ತಿನ ಕೆಲಸ ಕೆಡುತ್ತದೆ ದೊಡ್ಡಮ್ಮ ಎಂದರೆ, "ಕೆಡಲಿ ಬಿಡು, ಪೇಟೆ ನೋಡಿ ಕಾಲ ಆಯ್ತು" ಎಂದಳು.

ಅಂಗಡಿಯಲ್ಲಿ ಆ ಹೆಂಗಸು ಮೊದಲು ಕೈ ಮುಗಿದಳು. ನಿಮ್ಮಿಂದ ನನ್ನ ಗಂಡ ಉಳಿದ ಎಂದಳು. ಹಪ್ಪಳ ಮಾರಿ ತಂದ ಹಣ ಕೊಟ್ಟಳು. ಉಳಿದದ್ದನ್ನು ಯಾವಾಗ ತರುತ್ತೇನೆ ಎಂದು ಹೇಳಿದಳು. ಆಮೇಲೆ ಅದೇ ದನಿಯಲ್ಲಿ, ಅವನ ಆಳು ಬೀದಿಯಲ್ಲಿ ನಿಂತು ಆಡಿದ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದಳು. ಕೈಗೆ ಕೊಟ್ಟದ್ದನ್ನೂ ಹೇಳಿದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ತಕ್ಕಡಿ ಹಿಡಿದಿದ್ದ ವ್ಯಾಪಾರಿಯ ಕೈ ನಿಂತಿತು.

"ಹಣ ಬರ್ತಿತ್ತು. ಅವನು ಹೇಗೆ ಕೇಳ್ತಾನೆ ಅಂತ ನಾನು ವಿಚಾರಿಸಿರಲಿಲ್ಲಮ್ಮ" ಎಂದ.

"ಈಗ ವಿಚಾರಿಸಿದ ಹಾಗೆ ಆಯ್ತಲ್ಲ ಸಾಹುಕಾರ್ರೇ" ಎಂದಳು ಮುದುಕಿ.

ವ್ಯಾಪಾರಿ ಆಳು ತೆಗೆದುಕೊಂಡದ್ದನ್ನು ಬಾಕಿಯಲ್ಲಿ ಕಳೆದ. ರಸೀದಿ ಬರೆದು ಕೊಟ್ಟ. ಆಮೇಲೆ ಆಳು ಆ ಕೇರಿಗೆ ಬಂದರೂ ಬೀದಿಯಲ್ಲಿ ನಿಲ್ಲದೆ ಬಾಗಿಲಿಗೆ ಬಂದು ಮಾತಾಡಿದ. ಹೆಂಗಸು ಮತ್ತೆ ಮುಯ್ಯಿಗೆ ಕರೆದಳು, ತಾನೂ ಹೋದಳು. ಒರಳಿನ ತುಂಬ ಹಿಟ್ಟಾಯಿತು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವಳ ಸಾಲ ಪೂರ್ತಿ ತೀರಿತೇ, ಗುರುಗಳೇ?" ಎಂದು ಗುರುಪಾದ ಕೇಳಿದ.

"ವ್ಯಾಪಾರಿಯದು ತೀರಿತಪ್ಪ, ಕರೆಯದೆ ಬಂದು ಪಕ್ಕದಲ್ಲಿ ಕೂತವಳದು ಉಳಿದಿದೆ, ಅದನ್ನು ಕೇಳಲು ಯಾರೂ ಬಾಗಿಲಿಗೆ ಬರುವುದಿಲ್ಲ."