ಹುಂಜ ಮತ್ತು ಬೂದಿನೀರು

ಹುಂಜವೊಂದು ದಿನವೂ ಮಲಗುತ್ತಿದ್ದ ಹುಣಸೆಮರ ಗಾಳಿಗೆ ಉರುಳಿತು. ಮನೆಯೊಡತಿ ನೀಲವ್ವ ಅದನ್ನು ಒಲೆಗೆ ಹಾಕಿ ಸುಟ್ಟಳು. ಆ ಬೂದಿಗೆ ನೀರು ಹೊಯ್ದು, ಸೋಪು ಮಾಡಲೆಂದು ತಿಳಿಯನ್ನು ಮಡಕೆಗೆ ಬಸಿದಿಟ್ಟಳು. ಸಂಜೆ ಹುಂಜ ಕೂರಲು ಜಾಗ ಹುಡುಕುತ್ತ ಬಂದಾಗ ಮಡಕೆಯೊಳಗಿಂದ ದನಿಯೊಂದು ಕೇಳಿತು.

“ಬಾ ಗೆಳೆಯ, ನಾನೇ ನಿನ್ನ ಹುಣಸೆಮರ. ಎಂದಿನಂತೆ ನನ್ನ ಮೇಲೆ ಮಲಗು.”

ಎಲೆ ಅಲುಗಿದಂತಿದ್ದ ಆ ದನಿ ಮರದ್ದೇ. ಆದರೆ ಮಡಕೆಯಲ್ಲಿದ್ದದ್ದು ಬರೀ ನೀರು. ಹುಂಜ ಹಿಂಜರಿದು, “ಮೊದಲು ನನ್ನ ಗರಿಯನ್ನು ಮಲಗಿಸಿಕೋ,” ಎಂದು ಬಾಲದ ಗರಿಯೊಂದನ್ನು ಕಿತ್ತು ಹಾಕಿತು. ನೋಡನೋಡುತ್ತ ಗರಿಯ ಎಳೆಗಳೆಲ್ಲ ಕರಗಿ ಬರಿಯ ದಂಟು ತೇಲಿತು.

“ಗರಿ ಎಲ್ಲಿ ಹೋಯಿತು?”

“ಎಲ್ಲಿಗೂ ಹೋಗಿಲ್ಲ. ನನ್ನೊಳಗೆ ಸುಖವಾಗಿದೆ. ನೀನೂ ಬಾ.”

“ನನ್ನ ಮರ ನನ್ನನ್ನು ಹೊತ್ತುಕೊಳ್ಳುತ್ತಿತ್ತು. ಒಳಗೆ ಬಾ ಎಂದು ಎಂದೂ ಕರೆದಿರಲಿಲ್ಲ,” ಎಂದು ಹುಂಜ ಹಿಂದೆ ಸರಿಯಿತು.

ಅಷ್ಟರಲ್ಲಿ ನೀಲವ್ವ ಬಂದು ದಂಟನ್ನು ಕಡ್ಡಿಯಿಂದ ಎತ್ತಿ ನೋಡಿದಳು. “ಗರಿ ಕರಗೇತಿ ಅಂದ್ರ ನೀರು ಖಡಕ್ ಆಗೇತಿ, ಇನ್ನ ಎಣ್ಣಿ ಹಾಕಬಹುದು,” ಎಂದು ಹೊಂಗೆಯೆಣ್ಣೆ ಸುರಿದು ಕದಡತೊಡಗಿದಳು. ಕರೆಯುತ್ತಿದ್ದ ದನಿ ದಪ್ಪವಾಗುತ್ತ ಹೋಗಿ ನಿಂತಿತು.

ಹುಂಜ ಹಿತ್ತಿಲ ಬೇವಿನ ಬಳಿಗೆ ಹೋಗಿ, “ನನ್ನನ್ನು ಕರೆದೆಯಾ?” ಎಂದು ಕೇಳಿತು. ಬೇವು ಏನೂ ಹೇಳಲಿಲ್ಲ. ಆಗ ಹುಂಜ ಅದರ ಕೊಂಬೆಗೆ ಹಾರಿ ಕೂತಿತು.