ಸೊಟ್ಟಬಾಲದ ಬೆಕ್ಕಿಗೆ ಮೆತ್ತನೆ ಹಾಸಿಗೆ

ಕಾಲು ಮಡಚಿ ಕೂತ್ಕೊಳ್ಳಿ. ಗಲಾಟೆ ಬೇಡ. ಈ ಕಥೆಯಲ್ಲೊಂದು ಬೆಕ್ಕಿದೆ, ಹೆದರಿ ಓಡಿಬಿಟ್ಟೀತು!

ಅದೊಂದು ಬೊಂಬೆ ಊರು. ಅಲ್ಲಿ ಬುಡೇನಜ್ಜ ಇದ್ದ. ಲೇತು ಯಂತ್ರದಲ್ಲಿ ಮರದ ಬೊಂಬೆ ಕಡೆಯುತ್ತಿದ್ದ. ಲೇತು ಗಿರ್ ಗಿರ್ ತಿರುಗುತ್ತಿತ್ತು. ಮರದ ಹೊಟ್ಟು ಉದುರಿ ಉದುರಿ ಬುಟ್ಟಿಗೆ ಬೀಳುತ್ತಿತ್ತು. ಆ ಬುಟ್ಟಿಯಲ್ಲಿ ಒಂದು ಬೆಕ್ಕು ಮಲಗುತ್ತಿತ್ತು. ಅದರ ಬಾಲ ಸೊಟ್ಟ. ಬುದ್ಧಿ ಮಾತ್ರ ನೆಟ್ಟಗೆ. ಹೊಟ್ಟೆ ತುಂಬ ಮರಿಗಳು. ಇವತ್ತೋ ನಾಳೆಯೋ ಹುಟ್ಟಬೇಕು.

ಒಂದು ಬೆಳಿಗ್ಗೆ ಬೆಕ್ಕು ಬಂದು ನೋಡುತ್ತೆ, ಬುಟ್ಟಿ ಖಾಲಿ! ಹಳೇ ಹೊಟ್ಟು ಒಲೆಗೆ ಹೋಗಿತ್ತು. ಹೊಸ ಹೊಟ್ಟು ಬಿದ್ದೇ ಇರಲಿಲ್ಲ. ನೆಲವೋ, ತಣ್ಣಗೆ ಕೊರೆಯುವ ಸಿಮೆಂಟು.

"ಬುಟ್ಟಿ ಬುಟ್ಟಿ, ಹೊಟ್ಟು ಕೊಡು. ಹೊಟ್ಟು ಕೊಟ್ಟರೆ ನನ್ನ ಮರಿಗೆ ಹಾಸಿಗೆ."

"ಲೇತು ತಿರುಗದೆ ಹೊಟ್ಟು ಎಲ್ಲಿಂದ ತರಲಿ? ಹೋಗು, ಲೇತನ್ನು ಕೇಳು."

ಬೆಕ್ಕು ಲೇತಿನ ಹತ್ತಿರ ಹೋಯಿತು.

"ಲೇತೇ ಲೇತೇ, ತಿರುಗು. ನೀನು ತಿರುಗಿದರೆ ಬುಟ್ಟಿಗೆ ಹೊಟ್ಟು. ಬುಟ್ಟಿಗೆ ಹೊಟ್ಟು ಬಿದ್ದರೆ ನನ್ನ ಮರಿಗೆ ಹಾಸಿಗೆ."

"ಅಜ್ಜ ಕೂತರೆ ತಾನೇ ನಾನು ತಿರುಗೋದು? ಹೋಗು, ಅಜ್ಜನನ್ನು ಕೇಳು."

ಬುಡೇನಜ್ಜ ಬಾಗಿಲಲ್ಲಿ ಸುಮ್ಮನೆ ಕೂತಿದ್ದ.

"ಅಜ್ಜ ಅಜ್ಜ, ಲೇತಿಗೆ ಕೂತ್ಕೋ. ನೀನು ಕೂತರೆ ಲೇತು ತಿರುಗುತ್ತೆ. ಲೇತು ತಿರುಗಿದರೆ ಬುಟ್ಟಿಗೆ ಹೊಟ್ಟು. ಬುಟ್ಟಿಗೆ ಹೊಟ್ಟು ಬಿದ್ದರೆ ನನ್ನ ಮರಿಗೆ ಹಾಸಿಗೆ."

"ನಂಗೂ ಆಸೆ ಕಣವ್ವಾ. ಬೊಂಬೆ ಕೊಳ್ಳೋರೇ ಇಲ್ಲ. ಹೋಗು, ಅಂಗಡಿ ಪರಮಣ್ಣನ್ನ ಕೇಳು."

ಪರಮಣ್ಣ ಬೊಂಬೆ ಪೆಟ್ಟಿಗೆಗಳ ನಡುವೆ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಪರಮಣ್ಣ ಪರಮಣ್ಣ, ಬೊಂಬೆ ಕೊಂಡುಕೋ. ನೀನು ಕೊಂಡರೆ ಅಜ್ಜ ಕೂರ್ತಾನೆ. ಅಜ್ಜ ಕೂತರೆ ಲೇತು ತಿರುಗುತ್ತೆ. ಲೇತು ತಿರುಗಿದರೆ ಬುಟ್ಟಿಗೆ ಹೊಟ್ಟು. ಬುಟ್ಟಿಗೆ ಹೊಟ್ಟು ಬಿದ್ದರೆ ನನ್ನ ಮರಿಗೆ ಹಾಸಿಗೆ."

"ಕೊಂಡು ಯಾರಿಗೆ ಮಾರಲಿ? ನಮ್ಮ ಬೊಂಬೆಯೆಲ್ಲ ಸಮುದ್ರದಾಚೆ ದೇಶಕ್ಕೆ ಹೋಗ್ತಿತ್ತು. ಆ ದೇಶದ ದೊರೆ ಸುಂಕ ಹಾಕಿಬಿಟ್ಟ. ಹೊರಗಿನ ಬೊಂಬೆ ಒಳಗೆ ಬರಬೇಕಾದರೆ ದುಡ್ಡು ಕಟ್ಟಿ ಅಂದ. ಬೊಂಬೆ ತುಟ್ಟಿಯಾಯ್ತು. ಅಲ್ಲಿ ಯಾರೂ ಕೊಳ್ಳಲ್ಲ. ಹೋಗು, ಆ ದೊರೆಯನ್ನೇ ಕೇಳು."

ಸಮುದ್ರದಾಚೆ! ಈ ಬೆಕ್ಕಿಗೆ ಬಚ್ಚಲ ನೀರು ಕಂಡರೇ ಆಗದು. ಸಮುದ್ರ ದಾಟುವುದುಂಟೇ? ಊರಿನ ದೊಡ್ಡವರಾದರೂ ದೊರೆಗೆ ಹೇಳಲಿ ಅಂತ ಅದು ಸೀದಾ ನಗರಸಭೆಗೆ ಹೊರಟಿತು. ಹೊಟ್ಟೆ ಭಾರ. ನಡೆಯಿತು. ಕೂತಿತು. ಮತ್ತೆ ನಡೆಯಿತು.

ನಗರಸಭೆಗೆ ದೇವೀರಮ್ಮ ಅಧ್ಯಕ್ಷರು. ಬೆಕ್ಕು ಅವರ ಮೇಜನ್ನೇ ಹತ್ತಿತು.

"ದೇವೀರಮ್ಮ ದೇವೀರಮ್ಮ, ಸುಂಕ ತೆಗೆಸಿ. ಸುಂಕ ಹೋದರೆ ಪರಮಣ್ಣ ಬೊಂಬೆ ಕೊಳ್ತಾನೆ. ಪರಮಣ್ಣ ಕೊಂಡರೆ ಅಜ್ಜ ಕೂರ್ತಾನೆ. ಅಜ್ಜ ಕೂತರೆ ಲೇತು ತಿರುಗುತ್ತೆ. ಲೇತು ತಿರುಗಿದರೆ ಬುಟ್ಟಿಗೆ ಹೊಟ್ಟು. ಬುಟ್ಟಿಗೆ ಹೊಟ್ಟು ಬಿದ್ದರೆ ನನ್ನ ಮರಿಗೆ ಹಾಸಿಗೆ."

"ಆ ದೊರೆ ತನ್ನ ಬಾಗಿಲಿಗೆ ತಾನು ಸುಂಕ ಹಾಕಿದ. ನನ್ನ ಮಾತು ಕೇಳ್ತಾನಾ?"

ಬೆಕ್ಕಿಗೆ ಅಳುವೇ ಬಂತು. ಮುಖ ತಿರುಗಿಸಿ ಕಿಟಕಿಯಾಚೆ ನೋಡಿತು. ಅಲ್ಲೊಂದು ಅಂಗನವಾಡಿ. ಮಕ್ಕಳು ಬಾಟಲಿ ಮುಚ್ಚಳ ಇಟ್ಟುಕೊಂಡು ಆಡುತ್ತಿದ್ದರು.

"ಇದು ಬೊಂಬೆ ಊರಲ್ವಾ? ಈ ಮಕ್ಕಳ ಬೊಂಬೆ ಎಲ್ಲಿ?"

ದೇವೀರಮ್ಮ ಎದ್ದು ಕಿಟಕಿಗೆ ಬಂದರು. ಬೊಂಬೆಯೆಲ್ಲ ಪೆಟ್ಟಿಗೆ ಸೇರಿ ಪರದೇಶಕ್ಕೆ ಹೋಗುತ್ತಿತ್ತು. ಊರ ಮಕ್ಕಳ ನೆನಪೇ ಯಾರಿಗೂ ಬಂದಿರಲಿಲ್ಲ! ದೊಡ್ಡವರೆಂದರೆ ಹೀಗೇ ನೋಡಿ.

"ಅಯ್ಯೋ, ನಮ್ಮ ಬುದ್ಧಿಗಿಷ್ಟು!" ಎಂದರು ದೇವೀರಮ್ಮ. "ಸುಂಕ ತೆಗೆಯೋಕೆ ನಂಗಾಗಲ್ಲ. ಬೊಂಬೆ ಕೊಳ್ಳೋಕಾಗುತ್ತೆ! ಊರಿನ ಎಲ್ಲಾ ಅಂಗನವಾಡಿಗೂ ನಗರಸಭೆಯೇ ಕೊಳ್ಳುತ್ತೆ. ಬಸ್ ನಿಲ್ದಾಣದಲ್ಲಿ ಪರಮಣ್ಣನಿಗೆ ಒಂದು ಮಳಿಗೆ. ಬಾಡಿಗೆ ಬೇಡ. ಬರೋರು ಹೋಗೋರು ಕೊಳ್ಳಲಿ."

ಆಮೇಲೆ?

ನಗರಸಭೆ ಬೊಂಬೆ ಕೊಂಡಿತು. ಪರಮಣ್ಣನ ಪೆಟ್ಟಿಗೆ ಖಾಲಿ. ಪರಮಣ್ಣ ಅಜ್ಜನನ್ನು ಬೊಂಬೆ ಕೇಳಿದ. ಅಜ್ಜ ಲೇತಿಗೆ ಕೂತ. ಲೇತು ತಿರುಗಿತು, ಗಿರ್ ಗಿರ್ ಗಿರ್! ಬುಟ್ಟಿಗೆ ಹೊಟ್ಟು ಬಿತ್ತು. ಬೆಕ್ಕು ಬುಟ್ಟಿಗೆ ಹಾರಿತು. ಒಂದು ಸುತ್ತು ಸುತ್ತಿ ಮಲಗಿತು.

ಸಂಜೆಗೆ ಮರಿಗಳು ಹುಟ್ಟಿದವು. ಒಂದು ಕರಿ, ಒಂದು ಬಿಳಿ, ಒಂದು ಬೂದಿ ಬಣ್ಣ.

ದೊರೆಯ ಸುಂಕ? ಅದು ಇನ್ನೂ ಹಾಗೇ ಇದೆ. ಇರಲಿ ಬಿಡಿ.

ಬೆಕ್ಕು ಮರಿ ಹಾಕಿದರೆ ಮರಿ ಕಚ್ಚಿಕೊಂಡು ಏಳು ಮನೆ ತಿರುಗುತ್ತೆ ಅಂತಾರೆ. ಈ ಬೆಕ್ಕು ಆ ಮೆತ್ತನೆ ಬುಟ್ಟಿ ಬಿಟ್ಟು ಒಂದು ಮನೆಗೂ ಹೋಗಲಿಲ್ಲ.