ಉಪಾಧ್ಯರು ಹೊರಗಿದ್ದರೆ ಗೋಲು

ಕೆನಡಾದಲ್ಲೊಂದು ಊರು. ಏಪ್ರಿಲ್ ಬಂದರೂ ಹಿಮ ಕರಗದ ಊರು. ಅಲ್ಲಿ ಉಪಾಧ್ಯರ ಹೋಟೆಲಿನಲ್ಲಿ ದೋಸೆ ಹೊಯ್ಯುವ ತಿಮ್ಮಪ್ಪನಿಗೆ ಐಸ್ ಹಾಕಿಯ ಹುಚ್ಚು. ಪ್ರತಿ ವರ್ಷದ ಕೊನೆಯ ಸುತ್ತಾದ ಪ್ಲೇಆಫ್‌ನಲ್ಲೂ ಊರಿನ ತಂಡ ಗೆಲ್ಲುತ್ತದೆ ಅನ್ನುತ್ತಿದ್ದ. ಪ್ರತಿ ಸಲವೂ ಅದು ಸೋಲುತ್ತಿತ್ತು.

ಈ ಸಲ ಸರಣಿ ಕೊನೆಯ ಪಂದ್ಯಕ್ಕೆ ಬಂದು ನಿಂತಿತು. ಉಪಾಧ್ಯರು ಗಲ್ಲಾ ಬಿಟ್ಟು ಟಿವಿಯಿದ್ದ ಅಡುಗೆಮನೆಗೆ ಬಂದರು.

"ನಿನ್ನ ಭವಿಷ್ಯ ನಂಬಿ ಗಿರಾಕಿಗಳೆದುರು ನನ್ನ ಮಾನ ಹೋಯ್ತು. ಇವತ್ತೂ ಸುಳ್ಳಾದ್ರೆ ಈ ಟಿವಿ ಗುಜರಿಗೆ."

ತಿಮ್ಮಪ್ಪ ಟಿವಿಯತ್ತ ನೋಡಿದ. ಗೆಲ್ಲುವ ಲಕ್ಷಣ ಒಂದೂ ಇರಲಿಲ್ಲ. ಆ ದೂರದೂರಲ್ಲಿ ಅವನಿಗಿದ್ದ ಸುಖ ಆ ಟಿವಿಯೊಂದೇ.

"ಗೆಲ್ತದೆ ಧಣಿ. ಆದ್ರೆ ಮೊನ್ನೆ ನೆನಪುಂಟಲ್ಲ? ನೀವು ಕಸ ಹಾಕ್ಲಿಕ್ಕೆ ಹೊರಗೆ ಹೋದಾಗ್ಲೇ ನಮಗೆ ಗೋಲು ಬಂತು. ನೀವು ಒಳಗೆ ಬಂದ ಕೂಡ್ಲೇ ಅವರು ಹೊಡೆದ್ರು. ಇವತ್ತು ಮುಗಿಯುವ ತನಕ ಹೊರಗಿದ್ದುಬಿಡಿ. ಕಿಟಕಿಯಲ್ಲೂ ಇಣುಕಬಾರ್ದು."

ಉಪಾಧ್ಯರು ಶಾಲು ಹೊದ್ದು ಹಿತ್ತಿಲ ಹಿಮದಲ್ಲಿ ನಿಂತರು. ತಿಮ್ಮಪ್ಪ ಬೈಗುಳವಿಲ್ಲದೆ ಇಡೀ ಪಂದ್ಯ ನೋಡಿದ. ತಂಡ ಎಂದಿನಂತೆ ಸೋತಿತು.

ಬಾಗಿಲು ತೆರೆಯಿತು. ಉಪಾಧ್ಯರ ಮೀಸೆ ಬೆಳ್ಳಗಾಗಿತ್ತು.

"ಏನಾಯ್ತೋ?"

ತಿಮ್ಮಪ್ಪ ಕಣ್ಣೊರೆಸಿಕೊಂಡ. "ಸೋತ್ರು. ಧಣಿ, ನಿಜ ಹೇಳಿ. ಇಣುಕಿದ್ರಾ?"

ಉಪಾಧ್ಯರು ನೆಲ ನೋಡಿದರು. "ಒಂದೇ ಸಲ ಮಾರಾಯ. ಅದೂ ಅರ್ಧ ಕಣ್ಣಲ್ಲಿ."

"ಮತ್ತೆ ನನ್ನ ಭವಿಷ್ಯದ ತಪ್ಪೇನು?"

"ತಪ್ಪು ನಂದೇ. ಗಿರಾಕಿಗಳಿಗೆ ಹೇಳ್ಬೇಡ. ಟಿವಿ ಇರ್ಲಿ. ಬರುವ ವರ್ಷ ನಾನು ಊರೇ ಬಿಟ್ಟು ಹೋಗಿರ್ತೇನೆ."

ತಿಮ್ಮಪ್ಪನಿಗೆ ನಗಲೂ ತ್ರಾಣವಿರಲಿಲ್ಲ. ಉಪಾಧ್ಯರು ಚಂದ್ರಲೋಕಕ್ಕೆ ಹೋದರೂ ಬರುವ ವರ್ಷ ಆ ತಂಡ ಸೋಲುತ್ತದೆ. ಅವನ ಭವಿಷ್ಯಗಳಲ್ಲಿ ಸುಳ್ಳಾಗದ್ದು ಅದೊಂದೇ, ಅದನ್ನು ಯಾರಿಗೂ ಹೇಳುವಂತಿರಲಿಲ್ಲ.